ಒಣಗಿದ ಕೆರೆ ಖಾಲಿಯೇ?

 

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಬೇಸಿಗೆಯಲ್ಲಿ ಸಣ್ಣ ಕೆರೆ, ಹೊಂಡಗಳು ಒಣಗಿ ನೆಲ ಬಿರುಕು ಬಿಡುತ್ತದೆ. ಅಲ್ಲಿ ಒಂದು ಜೀವವೂ ಇಲ್ಲ ಅನ್ನಿಸುತ್ತದೆ. ಮುಂಗಾರಿನ ನೀರು ನಿಂತ ಕೆಲವೇ ದಿನಗಳಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲದ ಜೀವಿಗಳು ಕುಪ್ಪಳಿಸುತ್ತ ಈಜುತ್ತವೆ. ಇವು ಎಲ್ಲಿಂದ ಬಂದವು?

ಇಂಥ ಜೀವಿಗಳಲ್ಲಿ ಡಾಫ್ನಿಯಾ ಒಂದು. ನೀರು, ಆಹಾರ ಚೆನ್ನಾಗಿರುವವರೆಗೆ ಹೆಣ್ಣು ಗಂಡಿನ ನೆರವಿಲ್ಲದೆಯೇ ಮರಿ ಹಾಕುತ್ತದೆ. ಸಂದಣಿ ಹೆಚ್ಚಿದಾಗ, ಆಹಾರ ತಗ್ಗಿದಾಗ, ಹಗಲಿನ ಅವಧಿ ಬದಲಾದಾಗ, ಕೆಲವೊಮ್ಮೆ ತನ್ನನ್ನು ತಿನ್ನುವ ಮೀನಿನ ವಾಸನೆ ನೀರಿನಲ್ಲಿ ಬೆರೆತಾಗ, ಗಂಡುಗಳೂ ಹುಟ್ಟುತ್ತವೆ. ಅವುಗಳೊಡನೆ ಕೂಡಿದ ಹೆಣ್ಣು ಬೇರೆ ಬಗೆಯ ಮೊಟ್ಟೆ ಇಡುತ್ತದೆ: ಸಾಮಾನ್ಯವಾಗಿ 2 ಮೊಟ್ಟೆ, ಸುತ್ತ ಕಪ್ಪನೆಯ ಗಟ್ಟಿ ಕವಚ. ಕೆರೆ ಒಣಗಿ ತಾಯಿ ಸತ್ತರೂ ಮೊಟ್ಟೆ ಮಣ್ಣಿನಲ್ಲಿ ಮಲಗಿರುತ್ತದೆ. ನೀರು, ಬೆಳಕು, ಹದವಾದ ಉಷ್ಣತೆ ಕೂಡಿಬಂದಾಗ ಒಡೆಯುತ್ತದೆ. ಎಲ್ಲವೂ ಒಂದೇ ಮಳೆಗೆ ಒಡೆಯುವುದಿಲ್ಲ. ದಶಕಗಳ ಕಾಲ ಕೆಸರಿನಲ್ಲಿದ್ದ ಮೊಟ್ಟೆಗಳಿಂದಲೂ ವಿಜ್ಞಾನಿಗಳು ಮರಿ ಮಾಡಿಸಿದ್ದಾರೆ.

ಮನಸ್ಸಿನ ತಳದಲ್ಲಿ ಹೀಗೆ ಮಲಗಿರುವುದನ್ನು ಧಮ್ಮದಲ್ಲಿ ಅನುಸಯ ಎನ್ನುತ್ತಾರೆ. 7 ಅನುಸಯಗಳಲ್ಲಿ ದ್ವೇಷವೂ ಇದೆ, ‘ನಾನು ಮೇಲು’ ಎಂಬ ಮಾನವೂ ಇದೆ.

‘ಈಗೆಲ್ಲಿದೆ ಜಾತಿ? ಒಂದೇ ಹೋಟೆಲ್‌ನಲ್ಲಿ ಚಹಾ ಕುಡೀತೀವಲ್ಲ’ ಎನ್ನುವವರ ಮಾತು ನನ್ನ ಕಿವಿಗೂ ಬೀಳುತ್ತದೆ. ಅದು ಬೇಸಿಗೆಯ ಕೆರೆ ನೋಡಿ ಆಡಿದ ಮಾತು. ಮಗಳ ಮದುವೆ ಮಾತು ಬರಲಿ, ಬಾಡಿಗೆ ಮನೆ ಕೇಳಿಕೊಂಡು ಯಾರಾದರೂ ಬರಲಿ, ತಳದಲ್ಲಿ ಏನಿತ್ತೆಂದು ಆಗ ತಿಳಿಯುತ್ತದೆ. ಮಹಾಡಿನ ಚವದಾರ ಕೆರೆ ಎಲ್ಲರಿಗೂ ಮುಕ್ತವೆಂದು ಪುರಸಭೆ 1924ರಲ್ಲೇ ಠರಾವು ಮಾಡಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಡನೆ ಹೋಗಿ ಆ ನೀರು ಕುಡಿದರು. ಅಂದೇ ಒಂದು ಗಾಳಿಸುದ್ದಿಗೆ ಜನರ ಮೇಲೆ ಹಲ್ಲೆ ನಡೆಯಿತು. ನೋವುಂಡ ನಮ್ಮ ಮನಸ್ಸಿನಲ್ಲೂ ಗಟ್ಟಿ ಕವಚದ ದ್ವೇಷ ಮಲಗಿರಬಹುದು.

ಹಾಗಾದರೆ ಕಾರಣ ಕೂಡಿದಾಗ ಎದ್ದ ದ್ವೇಷಕ್ಕೆ ನಾವು ಹೊಣೆಯೇ? ಡಾಫ್ನಿಯಾಗೆ ಆಯ್ಕೆಯಿಲ್ಲ. ನೀರು ಹೇಳಿದಂತೆ ಅದರ ದೇಹ ನಡೆಯುತ್ತದೆ. ಮನುಷ್ಯನಿಗೆ ವೇದನೆಗೂ ತೃಷ್ಣೆಗೂ ನಡುವೆ ಒಂದು ಕ್ಷಣವಿದೆ, ಅಲ್ಲಿ ಎಚ್ಚರ ನಿಲ್ಲಬಲ್ಲದು. ದ್ವೇಷ ತಲೆಯೆತ್ತಿದ್ದು ಅಪರಾಧವಲ್ಲ ಎಂದೇ ನನ್ನ ತಿಳಿವಳಿಕೆ. ಗುರುತಿಸಿದ ಮೇಲೂ ಮಾತಿನಿಂದ, ಕೃತಿಯಿಂದ ಅದಕ್ಕೆ ನೀರೆರೆದರೆ ಆ ಹೊಣೆ ಪೂರ್ತಿ ನಮ್ಮದು.

ಇಂದು ಯಾರ ಮೇಲಾದರೂ ಅಸಹನೆ ಎದ್ದರೆ ‘ಇದು ನನ್ನಲ್ಲಿ ಇರಲೇ ಇಲ್ಲ’ ಎನ್ನಬೇಡಿ. ‘ಮಲಗಿತ್ತು, ಯಾವ ನೀರಿಗೆ ಎದ್ದಿತು?’ ಎಂದು ಕೇಳಿಕೊಳ್ಳಿ. ಮೈತ್ರಿಯೂ ಹಾಗೆಯೇ ಮಲಗಿರುತ್ತದೆ, ಅದಕ್ಕೂ ನೀರು ಬೇಕು.

ಎಲ್ಲರಿಗೂ ಮಂಗಳವಾಗಲಿ 🙏