ಚೊಂಡಿಮುಖೇಡಕ್ಕೆ ವೀಸಾ ಬೇಕಾ?

ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೊಮ್ಮೆ ಒಂದು ಪಟ್ಟಿ ಓಡಾಡುತ್ತೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಯಾವ ದೇಶದಲ್ಲಿ ವೀಸಾ ಬೇಡ, ಎಲ್ಲಿ ಇಳಿದ ಮೇಲೆ ಕೊಡ್ತಾರೆ ಅನ್ನೋ ಪಟ್ಟಿ. ಮಾಲ್ಡೀವ್ಸ್‌ನಲ್ಲಿ ಇಳಿದರೆ ಪುಕ್ಕಟೆ 30 ದಿನ. ಬಾಲಿಯಲ್ಲಿ ಇಳಿದು 5 ಲಕ್ಷ ಕಟ್ಟಿದರೆ 30 ದಿನ. ಗಾಬರಿ ಆಗಬೇಡಿ, ಅದು ಇಂಡೋನೇಷ್ಯಾದ ರೂಪಾಯಿ, ನಮ್ಮ ಲೆಕ್ಕದಲ್ಲಿ ಮೂರು ಸಾವಿರದೊಳಗೆ. ಪಟ್ಟಿ ಬಂದ ಕೂಡಲೇ ಯಾರೋ ಒಬ್ಬರು ಲಾಂಗ್ ವೀಕೆಂಡ್ ಲೆಕ್ಕ ಹಾಕ್ತಾರೆ, ಇನ್ನೊಬ್ಬರು ಜರ್ಮನಿಯ ಪಾಸ್‌ಪೋರ್ಟಿಗೆ ಎಷ್ಟು ದೇಶ ಅಂತ ಹೋಲಿಸಿ ನಿಟ್ಟುಸಿರು ಬಿಡ್ತಾರೆ.

ನನಗೆ ಆ ಪಟ್ಟಿ ನೋಡಿದಾಗ ನೆನಪಾಗೋದು ಚೊಂಡಿಮುಖೇಡ.

ನೀವು ಆ ಹೆಸರು ಕೇಳಿರಲಿಕ್ಕಿಲ್ಲ. ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಹಳ್ಳಿ ಅದು. ಕರ್ನಾಟಕದ್ದೇ ಊರು, ಆದರೆ ಸುತ್ತಲೂ ಮಹಾರಾಷ್ಟ್ರ. ಅಲ್ಲಿಯವರು ಔರಾದಿಗೆ ಬರಬೇಕು ಅಂದ್ರೆ ಮಹಾರಾಷ್ಟ್ರದ ನೆಲ ತುಳಿದೇ ಬರಬೇಕು. ತಹಸೀಲ್ ಕಚೇರಿಯ ಕೆಲಸಕ್ಕೆ ಹೊರಟ ಮನುಷ್ಯ ತನ್ನ ರಾಜ್ಯದಿಂದ ಹೊರಗೆ ಬಂದು, ಮತ್ತೆ ತನ್ನ ರಾಜ್ಯದ ಒಳಗೆ ಹೋಗ್ತಾನೆ. ಸಂಜೆ ಅದೇ ದಾರಿಯಲ್ಲಿ ವಾಪಸ್. ದಿನಕ್ಕೆ ನಾಲ್ಕು ಸಲ ಗಡಿ ದಾಟಿದ್ದು ಅವನ ಗಮನಕ್ಕೂ ಬರೋದಿಲ್ಲ.

ಈಗ ಇದೇ ನಕಾಶೆಯನ್ನು ಬಂಗಾಳಕ್ಕೆ ಒಯ್ಯಿರಿ. ಭಾರತ ಮತ್ತು ಬಾಂಗ್ಲಾದೇಶದ ನಡುವೆ ಕೂಚ್ ಬಿಹಾರದ ಆಸುಪಾಸಿನಲ್ಲಿ ಛಿಟ್‌ಮಹಲ್ ಅನ್ನೋ ತುಂಡು ತುಂಡು ಜಾಗಗಳಿದ್ದವು. ಬಾಂಗ್ಲಾದ ಹೊಟ್ಟೆಯೊಳಗೆ ಭಾರತದ 111, ಭಾರತದೊಳಗೆ ಬಾಂಗ್ಲಾದ 51. ಅಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಇದ್ದರು. ತಮ್ಮದೇ ದೇಶಕ್ಕೆ ಹೋಗಲು ಅವರು ಪರದೇಶ ದಾಟಬೇಕಿತ್ತು. ದಾಟಲು ವೀಸಾ ಬೇಕು. ವೀಸಾ ಕೊಡೋ ಕಚೇರಿ ಇರೋದು ಆ ಪರದೇಶ ದಾಟಿದ ಮೇಲೆ. ಅಂದರೆ ಕಾನೂನುಬದ್ಧವಾಗಿ ದಾಟೋಕೆ ಮೊದಲು ಕಾನೂನು ಮುರಿದು ದಾಟಬೇಕು. ಕೋಡ್ ಬರೆಯುವವರಿಗೆ ಇದು ಗೊತ್ತಿರೋ ರೋಗ: ಎ ಬೇಕಂದ್ರೆ ಬಿ ಬೇಕು, ಬಿ ಬೇಕಂದ್ರೆ ಎ ಬೇಕು. ನಾವು ಅದಕ್ಕೆ ಡೆಡ್‌ಲಾಕ್ ಅಂತೀವಿ, ಪ್ರೋಗ್ರಾಮ್ ಕೊಂದು ಮತ್ತೆ ಶುರು ಮಾಡ್ತೀವಿ. ಅವರು ದಶಕಗಟ್ಟಲೆ ಅದರೊಳಗೆ ಸಂಸಾರ ಮಾಡಿದರು. 2015ರ ಜುಲೈ 31ರ ಮಧ್ಯರಾತ್ರಿ ಎರಡೂ ದೇಶ ಆ ತುಂಡುಗಳನ್ನು ಅದಲುಬದಲು ಮಾಡಿಕೊಂಡವು.

ಎರಡೂ ಕಡೆ ಭೂಗೋಳ ಒಂದೇ, ನಡುವೆ ಬೇರೆಯವರ ಹೊಲ. ಹಾಗಾದರೆ ಫರಕು ಎಲ್ಲಿಂದ ಬಂತು? ಚೊಂಡಿಮುಖೇಡದವರು ಏನು ಪುಣ್ಯ ಮಾಡಿದ್ದರು?

ಏನೂ ಇಲ್ಲ. ಸಂವಿಧಾನದ 19ನೇ ವಿಧಿ ಅವರಿಗೂ ಅನ್ವಯಿಸುತ್ತೆ, ಅಷ್ಟೇ. ದೇಶದಲ್ಲಿ ಎಲ್ಲಿಗೆ ಬೇಕಾದರೂ ಓಡಾಡಬಹುದು, ಎಲ್ಲಿ ಬೇಕಾದರೂ ನೆಲೆಸಬಹುದು ಅನ್ನೋ ಎರಡು ಸಾಲು. ಒಂದು ಕಾಲಕ್ಕೆ ಯಾರೋ ಕೂತು, ನಿನ್ನವರನ್ನು ನಾನು ತಡೆಯಲ್ಲ, ನನ್ನವರನ್ನು ನೀನು ತಡೀಬೇಡ ಅಂತ ಮಾಡಿಕೊಂಡ ಒಪ್ಪಂದ. ನಮಗದು ಗಾಳಿಯ ಹಾಗೆ, ಹುಟ್ಟಿದಾಗಿಂದ ಇದೆ, ಅದಕ್ಕೇ ಕಾಣಿಸಲ್ಲ.

ನಮ್ಮ ಭಾಗದ ಹಿರಿಯರಿಗೆ ಅದು ಕಂಡಿತ್ತು. 1948ಕ್ಕೆ ಮುಂಚೆ ಬೀದರ್ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಂದ ಬ್ರಿಟಿಷ್ ಮುಂಬೈ ಪ್ರಾಂತ್ಯದ ಸೊಲ್ಲಾಪುರಕ್ಕೆ ಸಾಮಾನು ಒಯ್ಯೋದು ಅಂದ್ರೆ ಕರೋಡಗಿರಿ ಇಲಾಖೆಗೆ ಸುಂಕ ಕಟ್ಟಬೇಕು, ಹಾಲಿ ಸಿಕ್ಕಾ ಬಿಟ್ಟು ಇಂಗ್ಲಿಷ್ ರೂಪಾಯಿ ಹಿಡಿಯಬೇಕು. ಆದರೆ ಭಾಲ್ಕಿಯಿಂದ ಉದಗೀರಕ್ಕೆ ಹೋದರೆ ಏನೂ ಇಲ್ಲ, ಎರಡೂ ಒಂದೇ ಬೀದರ್ ಜಿಲ್ಲೆ. 1956ರ ನವೆಂಬರ್ 1ಕ್ಕೆ ಆ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರಿಗೆ. ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ.

ನಮ್ಮ ಆಯಿಯ ತೌರು ಉದಗೀರ ಕಡೆಯ ಹಳ್ಳಿ. ಭಾಲ್ಕಿ ತಾಲ್ಲೂಕಿನ ನಮ್ಮೂರಿಗೆ ಮದುವೆಯಾಗಿ ಬಂದಾಗ ಜಿಲ್ಲೆ ಸಹ ಬದಲಾಗಿರಲಿಲ್ಲ. ಆಮೇಲೆ ಒಂದು ದಿನ ಅವಳು ಅಡುಗೆಮನೆಯಲ್ಲಿ ಇದ್ದಾಗಲೇ ತೌರು ಬೇರೆ ರಾಜ್ಯವಾಯಿತು. ಅವಳು ಕೊನೆಯವರೆಗೂ ಮರಾಠಿಯಲ್ಲಿ ಜೋಗುಳ ಹಾಡಿ, ಕನ್ನಡದಲ್ಲಿ ಬೈತಿದ್ದಳು. ರಾಜ್ಯ ಬೇರೆ ಆಗಿದ್ದರಿಂದ ಅವಳಿಗೇನೂ ಕಡಿಮೆಯಾಗಲಿಲ್ಲ. ಯಾಕಂದ್ರೆ ಗೆರೆ ಬಿತ್ತು, ಬಾಗಿಲು ಬೀಳಲಿಲ್ಲ. ಜಹೀರಾಬಾದ್, ಬೀದರ್, ಭಾಲ್ಕಿ, ಕಮಲನಗರ, ಉದಗೀರ ಇಷ್ಟನ್ನೂ ಇವತ್ತಿಗೂ ಒಂದೇ ರೈಲು ಹಳಿ ಪೋಣಿಸಿದೆ. ಮೂರು ರಾಜ್ಯ, ಒಂದು ಟಿಕೆಟ್.

ಗೆರೆಯ ಜಗಳ ಮುಗಿದಿಲ್ಲ, ಅದು ನಿಮಗೂ ಗೊತ್ತು. 1967ರಲ್ಲಿ ಮಹಾಜನ್ ಆಯೋಗದ ವರದಿ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು, 2022ರ ಡಿಸೆಂಬರ್‌ನಲ್ಲಿ ಬೀದರ್, ಭಾಲ್ಕಿಯ ಹೆಸರೂ ಸೇರಿಸಿ 865 ಹಳ್ಳಿಗಳು ತಮಗೆ ಬೇಕು ಅಂತ ಅಲ್ಲಿನ ವಿಧಾನಸಭೆ ಠರಾವು ಮಾಡಿತು. ಆ ಚಳಿಗಾಲದಲ್ಲಿ ಎರಡೂ ಕಡೆ ಗಾಡಿಗಳ ಮೇಲೆ ಸಿಟ್ಟು ತೀರಿಸಿಕೊಂಡರು. ನಾನು ನೋಡಿದ್ದು ಇಷ್ಟೇ: ಗೆರೆ ಎಲ್ಲಿರಬೇಕು ಅಂತ ಎಷ್ಟೇ ಕಿತ್ತಾಡಿದರೂ, ಗೆರೆಯ ಮೇಲೆ ಬಾಗಿಲು ಹಾಕೋಣ ಅಂತ ಯಾರೂ ಗಂಭೀರವಾಗಿ ಕೇಳಲಿಲ್ಲ. ಹೆಣ್ಣು ಕೊಟ್ಟು ತಂದವರು ಹೇಗೆ ಕೇಳ್ತಾರೆ?

ಆದರೆ ಬಾಗಿಲು ಒಮ್ಮೆ ಬಿದ್ದಿತ್ತು. 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರನ್ನು ತಡೆಯಿತು. ಸೇವಾ ಸಿಂಧು ಪಾಸ್, ಕ್ವಾರಂಟೈನ್. ಮುಂದಿನ ವರ್ಷ ಫೆಬ್ರುವರಿಯಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ. ಹೆಸರು ಏನೇ ಇರಲಿ, ಕೆಲಸದಲ್ಲಿ ಅದು ವೀಸಾನೇ. ಆ ಮೇ ತಿಂಗಳಲ್ಲೇ ಉದಗೀರದಲ್ಲಿ ನಮ್ಮ ಅಪ್ಪನ ಅಕ್ಕ ತೀರಿಕೊಂಡರು. ಮಣ್ಣಿಗೆ ಹೋಗಬೇಕು ಅಂತ ಅಪ್ಪ ಬೈಕ್ ತಗೊಂಡು ಗಡಿ ತನಕ ಹೋದರು. ಅಲ್ಲಿದ್ದ ಹುಡುಗ ಪೊಲೀಸ್ ಬಿಡಲಿಲ್ಲ. ವಾಪಸ್ ಬಂದು ಅಪ್ಪ ಬೆಂಗಳೂರಿಗೆ ನನಗೆ ಫೋನ್ ಮಾಡಿದರು. ನಾನು ಸಿಟ್ಟಿಗೆದ್ದು ವ್ಯವಸ್ಥೆ, ಅಮಾನವೀಯತೆ ಅಂತೆಲ್ಲ ಶುರು ಮಾಡಿದೆ. ಅಪ್ಪ ತಡೆದರು.

“ಅವಂದೇನೂ ತಪ್ಪಿಲ್ಲಪ್ಪಾ. ಕೆಳಗ ಕುಂದರಿಸಿ ನೀರ ಕೊಟ್ಟ. ‘ಕಾಕಾ, ಯಾರ ತೀರ್ಕೊಂಡ್ರು’ ಅಂತ ಕೇಳ್ದ. ‘ನಮ್ಮ ಅಕ್ಕ’ ಅಂದೆ. ಟೋಪಿ ತಗದು ಸ್ವಲ್ಪ ಹೊತ್ತು ಸುಮ್ನ ನಿಂತ. ಆಮ್ಯಾಲ ‘ಬಿಡ್ಲಾಕ ಬರಂಗಿಲ್ರಿ ಕಾಕಾ’ ಅಂದ.”

ಈ ಮಾತನ್ನು ನಾನು ಅವತ್ತಿಂದ ಬಿಡಿಸಿ ನೋಡ್ತಾ ಇದ್ದೀನಿ. ಬಾಗಿಲು ಮುಚ್ಚಿತ್ತು, ನಿಯಮ ಸಡಿಲಾಗಲಿಲ್ಲ, ಅಪ್ಪನಿಗೆ ಅಕ್ಕನ ಮುಖ ಸಿಗಲಿಲ್ಲ. ಆದರೂ ಅಪ್ಪನಿಗೆ ಅವಮಾನ ಆಗಿರಲಿಲ್ಲ. ದುಃಖ ಇತ್ತು, ಅವಮಾನ ಇರಲಿಲ್ಲ. ತಡೆಯೋದು ಬೇರೆ, ಕೀಳಾಗಿ ಕಾಣೋದು ಬೇರೆ. ಗಡಿಗಳ ಬಗ್ಗೆ ನಾವು ಮಾಡುವ ಚರ್ಚೆಯಲ್ಲಿ ಇವೆರಡೂ ಕಲಸಿಹೋಗಿವೆ.

ಬಾಗಿಲುಗಳೇ ಬೇಡ ಅನ್ನೋರಿದ್ದಾರೆ. 1987ರಲ್ಲಿ ಜೋಸೆಫ್ ಕ್ಯಾರೆನ್ಸ್ ಅನ್ನೋ ಚಿಂತಕ ಒಂದು ಪ್ರಬಂಧದಲ್ಲಿ, ಶ್ರೀಮಂತ ದೇಶದ ಪೌರತ್ವ ಅನ್ನೋದು ಹಳೇ ಕಾಲದ ಪಾಳೇಗಾರಿಕೆ ಇದ್ದಂಗೆ, ಹುಟ್ಟಿನಿಂದ ಬಂದ ಸವಲತ್ತು ಅಂತ ವಾದಿಸಿದ. ಒಪ್ಪದೇ ಇರೋದು ಕಷ್ಟ. ಯಾರೂ ಪರೀಕ್ಷೆ ಬರೆದು ಮ್ಯೂನಿಕ್‌ನಲ್ಲಿ ಹುಟ್ಟಿಲ್ಲ. ಆದರೆ ನಾಗಾಲ್ಯಾಂಡ್, ಮಿಜೋರಾಂಗೆ ಹೋಗೋಕೆ ನಮಗೂ ಇನ್ನರ್ ಲೈನ್ ಪರ್ಮಿಟ್ ಬೇಕು. 1873ರಲ್ಲಿ ಬ್ರಿಟಿಷರು ತಮ್ಮ ಅನುಕೂಲಕ್ಕೆ ಮಾಡಿದ ಕಾಯ್ದೆಯನ್ನು ಅಲ್ಲಿನ ಸಣ್ಣ ಸಮುದಾಯಗಳು ಇವತ್ತು ತಮ್ಮ ನೆಲ ಉಳಿಸಿಕೊಳ್ಳೋಕೆ ಹಿಡಿದುಕೊಂಡಿವೆ. ಅವರ ಬಾಗಿಲನ್ನು ಅನ್ಯಾಯ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಕೋವಿಡ್ ಕಾಲದ ಬಾಗಿಲನ್ನೂ ಅಷ್ಟೇ.

ನಡುವಿನ ದಾರಿ ಹೇಳಿದವನು ಕಾಂಟ್. 1795ರಲ್ಲಿ ಬರೆದ ಶಾಶ್ವತ ಶಾಂತಿಯ ಕುರಿತ ಪುಸ್ತಿಕೆಯಲ್ಲಿ ಅವನ ವಾದದ ಸಾರಾಂಶ ಹೀಗೆ: ಭೂಮಿ ಗುಂಡಗಿದೆ, ಕೊನೆಯಿಲ್ಲದಷ್ಟು ದೂರ ಚದುರಿ ಹೋಗೋಕೆ ಆಗಲ್ಲ, ಒಬ್ಬರನ್ನೊಬ್ಬರು ಸಹಿಸಲೇಬೇಕು. ಆದ್ದರಿಂದ ಬಂದು ನಿಂತ ಮನುಷ್ಯನಿಗೆ, ಬಂದ ಒಂದೇ ಕಾರಣಕ್ಕೆ ಶತ್ರುವಿನಂತೆ ಕಾಣಿಸಿಕೊಳ್ಳದಿರುವ ಹಕ್ಕಿದೆ. ಮನೆಯಲ್ಲಿ ಉಳಿಸಿಕೊಳ್ಳಲೇಬೇಕು ಅಂತಿಲ್ಲ. ವಾಪಸ್ ಕಳಿಸಬಹುದು, ಕಳಿಸಿದರೆ ಅವನ ಜೀವಕ್ಕೇ ಕುತ್ತು ಅನ್ನೋ ಹಾಗಿಲ್ಲದಿದ್ದರೆ. ಮತ್ತೆ ಇದು ದಾನಧರ್ಮದ ಮಾತಲ್ಲ, ಹಕ್ಕಿನ ಮಾತು.

ವೀಸಾ ಆನ್ ಅರೈವಲ್ ಅನ್ನೋ ಹೆಸರು ಕೇಳೋಕೆ ಇದೇ ಥರ ಇದೆ. ಮೊದಲು ಬಾ, ಆಮೇಲೆ ಮಾತಾಡೋಣ. ನಿಜದಲ್ಲಿ ಹಾಗಲ್ಲ. ವಾಪಸ್ ಟಿಕೆಟ್ ಇದೆಯಾ ಅಂತ ವಿಮಾನ ಕಂಪನಿಯವರು ಇಲ್ಲೇ ಕೇಳ್ತಾರೆ. ಇನ್ನೂ ವಿಚಿತ್ರ ದುಬೈದು. ಭಾರತೀಯನಿಗೆ ಅಲ್ಲಿ ಸುಮ್ಮನೆ ಇಳಿದ ಮೇಲೆ ವೀಸಾ ಕೊಡಲ್ಲ, ಆದರೆ ಅವನ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದ್ದರೆ ಕೊಡ್ತಾರೆ. ಮನುಷ್ಯ ಅವನೇ. ಆದರೆ ಅಮೆರಿಕ ಒಮ್ಮೆ ನಂಬಿದೆ, ಆದ್ದರಿಂದ ನಾವೂ ನಂಬ್ತೀವಿ. ನಮ್ಮ ವೃತ್ತಿಯಲ್ಲಿ ಇದನ್ನು ದಿನಾ ಮಾಡ್ತೀವಿ. ಸರ್ವರ್‌ಗೆ ನೀವು ಯಾರು ಅಂತ ಗೊತ್ತಿಲ್ಲ, ಗೂಗಲ್ ಕೊಟ್ಟ ಟೋಕನ್ ತೋರಿಸಿ, ಒಳಗೆ ಬನ್ನಿ. ಅದರಲ್ಲಿ ತಪ್ಪಿಲ್ಲ, ಪರಿಚಯ ಇಲ್ಲದ ಕಡೆ ಕಾಗದವೇ ಪರಿಚಯ. ಆದರೆ ಟೋಕನ್ ಅನ್ನೋದು ಮನುಷ್ಯ ಅಲ್ಲ ಅನ್ನೋದು ಮರೆತಾಗ ಎಡವಟ್ಟು ಶುರು.

ಇದನ್ನು ಬೀದರ್ ಒಮ್ಮೆ ರಕ್ತ ಹರಿಸಿ ಕಲಿತಿದೆ. ಇರಾನಿನ ಗಿಲಾನ್‌ನಿಂದ ಮಹಮೂದ್ ಗವಾನ್ ಬೀದರ್‌ಗೆ ಬಂದಿದ್ದು 1453ರಲ್ಲಿ, ವ್ಯಾಪಾರಿಯಾಗಿ. ಬಹಮನಿ ರಾಜ್ಯದ ವಜೀರನಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇವತ್ತಿಗೂ ಬೀದರ್ ನಗರದ ನಡುವೆ ನಿಂತಿದೆ. ಆದರೆ ಆಸ್ಥಾನದಲ್ಲಿ ಸ್ಥಳೀಯ ದಖನಿಗಳು ಒಂದು ಗುಂಪು, ಹೊರಗಿನಿಂದ ಬಂದವರು ಇನ್ನೊಂದು ಗುಂಪು. ವಿರೋಧಿಗಳು ಅವನ ಮುದ್ರೆ ಇದ್ದ ಕಾಗದ ಸಂಪಾದಿಸಿ, ಅದರ ಮೇಲೆ ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಪತ್ರ ಬರೆದರು. ಸುಲ್ತಾನ ಮುದ್ರೆ ನೋಡಿದ. 28 ವರ್ಷ ಕಣ್ಣೆದುರು ದುಡಿದ ಮನುಷ್ಯನನ್ನು ನೋಡಲಿಲ್ಲ. 1481ರಲ್ಲಿ ಗವಾನನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಸತ್ತ, ಆಮೇಲೆ ರಾಜ್ಯವೇ ಚೂರು ಚೂರಾಯಿತು. ಮುದ್ರೆ ಅಸಲಿ, ಪತ್ರ ನಕಲಿ, ಮನುಷ್ಯ ಹೋಗಿಯೇ ಬಿಟ್ಟ.

ಆ ಕಾಲದಲ್ಲಿ ಹೊರಗಿನಿಂದ ಬಂದವರನ್ನು ಗರೀಬ್ ಅಂತ ಕರೀತಿದ್ದರು. ಅರಬಿಯಲ್ಲಿ ಅದರರ್ಥ ಅಪರಿಚಿತ, ಪರಸ್ಥಳದವನು. ನಮ್ಮ ಬಾಯಿಗೆ ಬರೋ ಹೊತ್ತಿಗೆ ಗರೀಬ ಅಂದರೆ ಬಡವ ಆಯಿತು. ನಮ್ಮ ‘ಪರದೇಶಿ’ ಪದದ್ದೂ ಅದೇ ಕಥೆ. ಬೇರೆ ದೇಶದವನು ಅನ್ನೋ ಪದ, ಯಾರೂ ದಿಕ್ಕಿಲ್ಲದವನು ಅಂತ ಆಗಿದೆ. ನಿಘಂಟು ಬರೆದವರಿಗಿಂತ ಮೊದಲು ಜನಕ್ಕೆ ಗೊತ್ತಿತ್ತು: ತನ್ನೂರು ಬಿಟ್ಟು ಬೇರೆಯವರ ಬಾಗಿಲಲ್ಲಿ ನಿಂತ ಮನುಷ್ಯ, ಕಿಸೆಯಲ್ಲಿ ಎಷ್ಟೇ ದುಡ್ಡಿರಲಿ, ಆ ಗಳಿಗೆಯಲ್ಲಿ ಬಡವನೇ.

ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿದವರಿಗೆ ಈ ಬಡತನ ಗೊತ್ತು. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ವಾಪಸ್ ಬರ್ತೀನಿ ಅನ್ನೋದಕ್ಕೆ ಪುರಾವೆ. ಬೇಡ ಅಂದರೂ ಫೀ ವಾಪಸಿಲ್ಲ. ಆಗ ನಮಗೆಲ್ಲ ಉರಿಯುತ್ತೆ, ನಾನೇನು ಕಳ್ಳನಾ ಅಂತ. ಉರಿಯಬೇಕು, ನ್ಯಾಯವೇ. ಆದರೆ ಅದೇ ನಾವು ಬೆಂಗಳೂರಿನಲ್ಲಿ ಬಾಗಿಲ ಈ ಕಡೆಯೂ ನಿಂತಿರ್ತೀವಿ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮನೆಕೆಲಸದವರ ಚೀಲ ತೆಗೆಸಿ ನೋಡ್ತೀವಿ. ಒಡಿಶಾದ ಹುಡುಗ ಪಾರ್ಸಲ್ ತಂದರೆ ಆ್ಯಪ್‌ನಲ್ಲಿ ಒಪ್ಪಿಗೆ ಒತ್ತೋ ತನಕ ಬಿಸಿಲಲ್ಲಿ ನಿಲ್ಲಿಸ್ತೀವಿ. ಮನೆ ಬಾಡಿಗೆಗೆ ಕೊಡುವಾಗ ಹೆಸರು ಕೇಳಿ, ಊರು ಕೇಳಿ, ಆಮೇಲೆ ‘ಈಗಷ್ಟೇ ಬೇರೆಯವರಿಗೆ ಕೊಟ್ವಿ’ ಅಂತೀವಿ. ಬೀದರ್ ಅಂದಾಗ ‘ಅದು ಕರ್ನಾಟಕದಲ್ಲೇ ಇದೆಯಾ?’ ಅಂತ ಕೇಳಿದವರು ನನಗೂ ಸಿಕ್ಕಿದ್ದಾರೆ.

ದೇಶಗಳ ವೀಸಾ ನಿಯಮ ಬದಲಿಸೋದು ನಮ್ಮ ಕೈಯಲ್ಲಿಲ್ಲ. ಈ ಸಣ್ಣ ಸಣ್ಣ ಬಾಗಿಲುಗಳು ಪೂರ್ತಿ ನಮ್ಮ ಕೈಯಲ್ಲಿವೆ. ಇಲ್ಲಿ ಸುರಕ್ಷತೆ ಬೇಡ ಅಂತ ನಾನು ಹೇಳ್ತಿಲ್ಲ. ರಿಜಿಸ್ಟರ್ ಇರಲಿ, ಕೇಳೋದು ಕೇಳಿ. ಪ್ರಶ್ನೆ ಇರೋದು ಕ್ರಮದ್ದು. ನಮ್ಮ ಹಳ್ಳಿಗಳಲ್ಲಿ ಗುರುತಿಲ್ಲದವರು ಅಂಗಳಕ್ಕೆ ಬಂದರೆ ಮೊದಲು ‘ಬರ್ರಿ, ಕುಂದರ್ರಿ’, ಆಮೇಲೆ ಚೊಂಬು ನೀರು, ಮೂರನೆಯದು ‘ಯಾವೂರಾಯ್ತ್ರಿ?’ ಬೇಡದ ಮನುಷ್ಯ ಅಂತ ಗೊತ್ತಾದರೆ ನಾಲ್ಕನೆಯದಾಗಿ ಕಳಿಸಿಯೂ ಬಿಡ್ತಿದ್ದರು. ಕಳಿಸೋ ಹಕ್ಕನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ. ಆದರೆ ಆ ಹಕ್ಕು ನೀರು ಕೊಟ್ಟ ಮೇಲೆ ಬರ್ತಿತ್ತು. ಗಡಿಯಲ್ಲಿದ್ದ ಆ ಪೊಲೀಸ್ ಹುಡುಗನಿಗೆ ಈ ಕ್ರಮ ಯಾವ ಸುತ್ತೋಲೆಯೂ ಹೇಳಿಕೊಟ್ಟಿರಲಿಕ್ಕಿಲ್ಲ.

ಹೋದ ವಾರ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಗೇಟಿಗೆ ಇನ್ನೊಂದು ಕ್ಯಾಮೆರಾ ಹಾಕೋ ವಿಷಯ ಬಂತು, ಎಲ್ಲರೂ ಒಪ್ಪಿದರು, ನಾನೂ ಒಪ್ಪಿದೆ. ಜೊತೆಗೆ ಒಂದು ಬೆಂಚು, ಒಂದು ಕುಡಿಯುವ ನೀರಿನ ಕ್ಯಾನ್ ಇಡೋಣ ಅಂದೆ. ಬಜೆಟ್ ನೋಡಿ ಹೇಳ್ತೀವಿ ಅಂದಿದ್ದಾರೆ. ಹೇಳಲಿ, ಮುಂದಿನ ಸಭೆಯಲ್ಲಿ ಮತ್ತೆ ಕೇಳ್ತೀನಿ.