ಸ್ಮರಣೆಯ ಋಣ: ಸ್ಪೀಡ್‌ವೇ ಸವಾರರು ಮತ್ತು ಅವರನ್ನು ನೆನೆಯುವವರು

ಹಿಂದಿನ ಸವಾರರನ್ನು ನೆನೆಯುವುದು ಸ್ಪೀಡ್‌ವೇ ಮೋಟಾರ್‌ಸೈಕಲ್ ಕ್ರೀಡೆಯ ಅಭಿಮಾನಿಗಳಲ್ಲಿ ಆಳವಾಗಿ ಬೇರೂರಿದ ರೂಢಿ. ಇಂಗ್ಲೆಂಡ್, ಪೋಲೆಂಡ್, ಸ್ವೀಡನ್, ಡೆನ್ಮಾರ್ಕ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಈ ಆಟ ನೋಡುತ್ತ ಬೆಳೆದ ಇಬ್ಬರು ಒಂದೆಡೆ ಸೇರಿದರೆ ಸಾಕು, ಮಾತು ಅರ್ಧ ಶತಮಾನದ ಹಿಂದಿನ ಯಾವುದೋ ತಿರುವಿಗೆ ಹೊರಳುತ್ತದೆ. ಕೊನೆಯಲ್ಲಿದ್ದ ಸವಾರ ಹೊರಗಿನಿಂದ ಸುತ್ತಿ ಮುಂದೆ ಬಂದ ಬಗೆ ಮತ್ತೆ ಕಣ್ಣಿಗೆ ಕಟ್ಟುತ್ತದೆ. ಈ ರೂಢಿಯ ಒಳಗೆ ಮೂರು ತಾತ್ವಿಕ ಪ್ರಶ್ನೆಗಳಿವೆ. ಹೀಗೆ ನೆನೆದದ್ದು ಜ್ಞಾನವೇ? ನೆನೆಯುವುದು ವ್ಯಕ್ತಿಯೋ, ಸಮುದಾಯವೋ? ನೆನೆಯುವುದು ಬರಿಯ ಸುಖವೋ, ಅಥವಾ ಕರ್ತವ್ಯವೂ ಹೌದೋ?

ಸ್ಪೀಡ್‌ವೇಯ ಸ್ವರೂಪವೇ ಈ ಪ್ರಶ್ನೆಗಳಿಗೆ ದಾರಿ ಮಾಡಿಕೊಡುತ್ತದೆ. ಒಂದು ಓಟದಲ್ಲಿ ನಾಲ್ವರು ಸವಾರರು. ಅಂಡಾಕಾರದ ಮಣ್ಣಿನ ಹಾದಿಯಲ್ಲಿ ಎಡಕ್ಕೆ ತಿರುಗುತ್ತ ನಾಲ್ಕು ಸುತ್ತು. 500 ಸಿಸಿ ಎಂಜಿನ್, ಮೆಥನಾಲ್ ಇಂಧನ, ಒಂದೇ ಗೇರ್, ಬ್ರೇಕ್ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸಿ, ಎಡಗಾಲನ್ನು ನೆಲಕ್ಕೆ ತಾಗಿಸಿ, ವೇಗದ ಹಿಡಿತದಿಂದಲೇ ಗಾಡಿಯನ್ನು ಹದಕ್ಕೆ ತರಬೇಕು. ಎಲ್ಲವೂ ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಮೊದಲಿಗನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. 1923ರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲ್ಯಾಂಡ್‌ನ ಜಾತ್ರೆ ಮೈದಾನದಲ್ಲಿ ಜಾನಿ ಹಾಸ್ಕಿನ್ಸ್ ಏರ್ಪಡಿಸಿದ ಓಟಗಳನ್ನು ಈ ಕ್ರೀಡೆಯ ಆರಂಭವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 1928ರ ಫೆಬ್ರವರಿ 19ರಂದು ಲಂಡನ್ ಬಳಿಯ ಹೈ ಬೀಚ್‌ನಲ್ಲಿ ನಡೆದ ಕೂಟದಿಂದ ಅದು ಬ್ರಿಟನ್ನಿನಲ್ಲಿ ಜನಪ್ರಿಯವಾಯಿತು. 1936ರಲ್ಲಿ ವೆಂಬ್ಲಿಯಲ್ಲಿ ನಡೆದ ಮೊದಲ ವಿಶ್ವ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಲಯನೆಲ್ ವಾನ್ ಪ್ರಾಗ್ ಗೆದ್ದರು. ಆ ಕಾಲದ ಬಹುಪಾಲು ಓಟಗಳು ಚಿತ್ರೀಕರಣಗೊಳ್ಳಲೇ ಇಲ್ಲ. ನೋಡಿದವರ ಮನಸ್ಸಿನಲ್ಲಿ ಉಳಿದದ್ದೇ ಅವುಗಳ ಉಳಿವು.

ಆದ್ದರಿಂದ ಮೊದಲ ಪ್ರಶ್ನೆ: ಮನಸ್ಸಿನಲ್ಲಿ ಉಳಿದದ್ದನ್ನು ತಿಳಿವಳಿಕೆ ಎನ್ನಬಹುದೇ? ಭಾರತೀಯ ದರ್ಶನಗಳು ಇದನ್ನು ಸೂಕ್ಷ್ಮವಾಗಿ ಚರ್ಚಿಸಿವೆ. ನೈಯಾಯಿಕರ ಪ್ರಕಾರ ಸ್ಮೃತಿ ಹುಟ್ಟುವುದು ಹಿಂದಿನ ಅನುಭವ ಬಿಟ್ಟುಹೋದ ಸಂಸ್ಕಾರದಿಂದ. ಅದು ಸ್ವತಂತ್ರ ಅನುಭವವಲ್ಲವಾದ್ದರಿಂದ ಪ್ರಮೆಯ, ಅಂದರೆ ಯಥಾರ್ಥ ಜ್ಞಾನದ, ಸ್ಥಾನ ಅದಕ್ಕಿಲ್ಲ. ಮೀಮಾಂಸಕರೂ ಈಗಾಗಲೇ ಗ್ರಹಿಸಿದ್ದನ್ನೇ ಮತ್ತೆ ಗ್ರಹಿಸುತ್ತದೆ ಎಂಬ ಕಾರಣಕ್ಕೆ ಸ್ಮೃತಿಯನ್ನು ಹೊರಗಿಟ್ಟರು. ಜೈನ ತಾರ್ಕಿಕರು ಒಪ್ಪಲಿಲ್ಲ. ಅಕಲಂಕರ ಪರಂಪರೆ ಸ್ಮೃತಿಯನ್ನು ಪರೋಕ್ಷ ಪ್ರಮಾಣಗಳಲ್ಲಿ ಒಂದೆಂದು ಎಣಿಸಿತು: ಸ್ಮೃತಿಯನ್ನು ನಂಬದಿದ್ದರೆ ಗುರುತಿಸುವುದೂ ಊಹಿಸುವುದೂ ಸಾಧ್ಯವಿಲ್ಲ. ಕರ್ನಾಟಕದ ನೆಲದಲ್ಲಿ ಬೆಳೆದ ದ್ವೈತ ದರ್ಶನವೂ ಇದೇ ಪಕ್ಷ ವಹಿಸಿತು. ವಸ್ತು ಇದ್ದಂತೆ ತಿಳಿಸುವುದೇ ಪ್ರಮಾಣದ ಲಕ್ಷಣ, ಹೊಸತನವಲ್ಲ. ಇದ್ದದ್ದನ್ನು ಇದ್ದಂತೆ ತಿಳಿಸುವ ಸ್ಮೃತಿಯೂ ಪ್ರಮಾಣವೇ ಎಂದು ಜಯತೀರ್ಥರು ವಾದಿಸಿದರು.

ಸ್ಪೀಡ್‌ವೇ ಅಭಿಮಾನಿಗಳ ನೆನಪಿಗೆ ಈ ವಾದ ಚೆನ್ನಾಗಿ ಹೊಂದುತ್ತದೆ. 1981ರ ವೆಂಬ್ಲಿ ಫೈನಲ್‌ನಲ್ಲಿ ಅಮೆರಿಕದ ಬ್ರೂಸ್ ಪೆನ್‌ಹಾಲ್ ಡೆನ್ಮಾರ್ಕಿನ ಓಲೆ ಓಲ್ಸನ್‌ರನ್ನು ಗೆರೆಯ ಬಳಿ ಕೂದಲೆಳೆಯಷ್ಟು ಅಂತರದಲ್ಲಿ ಹಿಂದಿಕ್ಕಿದ್ದು ಚಿತ್ರದಲ್ಲಿ ದಾಖಲಾಗಿದೆ. ಆದರೆ ಆ ಗಳಿಗೆಯಲ್ಲಿ ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿದದ್ದು ಚಿತ್ರದಲ್ಲಿ ಸಿಗುವುದಿಲ್ಲ. ಅದಕ್ಕೆ ಅಲ್ಲಿದ್ದವರ ಸ್ಮೃತಿಯೇ ಸಾಕ್ಷಿ. ಹಾಗೆಂದು ಸ್ಮೃತಿಯನ್ನು ಕಣ್ಣುಮುಚ್ಚಿ ನಂಬಲಾಗದು. ಬ್ರಿಟಿಷ್ ಮನೋವಿಜ್ಞಾನಿ ಫ್ರೆಡೆರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ಕತೆಯೊಂದನ್ನು ಓದಿದವರು ಅದನ್ನು ಮತ್ತೆ ಮತ್ತೆ ಹೇಳುವಾಗ ತಮಗೆ ಪರಿಚಿತವಾದ ಅಚ್ಚಿಗೆ ಬಗ್ಗಿಸಿಕೊಳ್ಳುತ್ತಾರೆ ಎಂದು ತೋರಿಸಿದರು. ನೆನಪು ಪ್ರತಿಸಲವೂ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಕಟ್ಟುವಾಗ ಬೇಕಾದದ್ದನ್ನು ಸೇರಿಸುತ್ತದೆ, ಬೇಡವಾದದ್ದನ್ನು ಬಿಡುತ್ತದೆ.

ಈ ದೋಷಕ್ಕೆ ಅಭಿಮಾನಿಗಳೇ ಒಂದು ಮದ್ದನ್ನು ಕಂಡುಕೊಂಡಿದ್ದಾರೆ. ಬ್ರಿಟನ್ನಿನ ಸ್ಪೀಡ್‌ವೇ ಕೂಟಗಳಲ್ಲಿ ಮಾರುವ ಕಾರ್ಯಕ್ರಮ ಪುಸ್ತಿಕೆಯಲ್ಲಿ ಪ್ರತಿ ಓಟಕ್ಕೂ ಖಾಲಿ ಮನೆಗಳಿರುತ್ತವೆ. ಓಟ ಮುಗಿದ ಕೂಡಲೇ ಪ್ರೇಕ್ಷಕರು ಪೆನ್ನು ತೆಗೆದು ಯಾರು ಎಷ್ಟನೆಯವರು, ಎಷ್ಟು ಅಂಕ, ಎಷ್ಟು ಸೆಕೆಂಡು ಎಂದು ತುಂಬುತ್ತಾರೆ. ದಶಕಗಳ ಕಾಲ ಜೋಪಾನವಾಗಿಟ್ಟ ಆ ಪುಸ್ತಿಕೆಗಳು ನೆನಪಿಗೆ ಲಗಾಮು. ಯಾರೋ ಒಬ್ಬರು ತಮ್ಮ ನೆಚ್ಚಿನ ಸವಾರ ಆ ರಾತ್ರಿ ಎಲ್ಲ ಓಟಗಳನ್ನೂ ಗೆದ್ದನೆಂದರೆ, ಇನ್ನೊಬ್ಬರು ಪುಟ ತೆರೆದು ಮೂರನೆಯ ಓಟದಲ್ಲಿ ಅವನು ಬಿದ್ದದ್ದನ್ನು ತೋರಿಸಬಹುದು. ಜಯತೀರ್ಥರು ಕೇಳಿದ ಯಾಥಾರ್ಥ್ಯ ಇಲ್ಲಿ ಪರಸ್ಪರ ತಿದ್ದುವಿಕೆಯಿಂದ ದೊರೆಯುತ್ತದೆ.

ತಿದ್ದುವುದಕ್ಕೆ ಇನ್ನೊಬ್ಬರು ಬೇಕು ಎಂಬುದರಿಂದ ಎರಡನೆಯ ಪ್ರಶ್ನೆ ಏಳುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೋರಿಸ್ ಹಾಲ್ಬ್‌ವಾಕ್ಸ್ 1925ರಲ್ಲಿ ಮಂಡಿಸಿದ ವಿಚಾರದಂತೆ, ಮನುಷ್ಯ ನೆನಪಿಸಿಕೊಳ್ಳುವುದು ತಾನು ಸೇರಿದ ಗುಂಪಿನ ಚೌಕಟ್ಟಿನೊಳಗೆ. ಗುಂಪು ಕರಗಿದರೆ ನೆನಪೂ ಸಡಿಲವಾಗುತ್ತದೆ. 1973ರಲ್ಲಿ ಪೋಲೆಂಡಿನ ಖೊಜೂಫ್‌ನಲ್ಲಿ ನಡೆದ ವಿಶ್ವ ಫೈನಲ್ ಇದಕ್ಕೆ ಒಳ್ಳೆಯ ನಿದರ್ಶನ. ನ್ಯೂಜಿಲೆಂಡಿನ ಐವನ್ ಮೇಜರ್ ಮತ್ತು ಪೋಲೆಂಡಿನ ಯೆಜಿ ಶ್ಚಾಕಿಯೆಲ್ ಸಮ ಅಂಕ ಗಳಿಸಿದ್ದರಿಂದ ನಿರ್ಣಾಯಕ ಓಟ ನಡೆಯಿತು; ಮೇಜರ್ ಬಿದ್ದರು, ಶ್ಚಾಕಿಯೆಲ್ ವಿಶ್ವ ಚಾಂಪಿಯನ್ ಆದರು. ಬ್ರಿಟನ್ ಮತ್ತು ನ್ಯೂಜಿಲೆಂಡಿನ ಅಭಿಮಾನಿಗಳಿಗೆ ಅದು ಮೇಜರ್ ಕೈತಪ್ಪಿದ ಕಿರೀಟ. ಪೋಲೆಂಡಿಗೆ ಅದು ದೇಶದ ಮೊದಲ ವಿಶ್ವ ವೈಯಕ್ತಿಕ ಪ್ರಶಸ್ತಿ. ಎರಡನೆಯದು ಟೊಮಾಶ್ ಗೊಲೊಬ್ ಮೂಲಕ ಬಂದದ್ದು 2010ರಲ್ಲಿ. ಘಟನೆ ಒಂದೇ, ನೆನಪಿನ ಚೌಕಟ್ಟು ಎರಡು. ಎರಡೂ ಸತ್ಯ, ಎರಡನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಆ ಘಟನೆ ಪೂರ್ಣವಾಗುತ್ತದೆ.

ಗುಂಪಿನ ನೆನಪಿಗೆ ನೆಲೆಯೂ ಬೇಕೆಂದು ಹಾಲ್ಬ್‌ವಾಕ್ಸ್ ಒತ್ತಿ ಹೇಳಿದ್ದರು. ಸ್ಪೀಡ್‌ವೇಯಲ್ಲಿ ಆ ನೆಲೆಗಳೇ ಒಂದೊಂದಾಗಿ ಅಳಿದಿವೆ. ಪೂರ್ವ ಲಂಡನ್ನಿನ ವೆಸ್ಟ್ ಹ್ಯಾಮ್ ಕ್ರೀಡಾಂಗಣ 1972ರಲ್ಲಿ ನೆಲಸಮವಾಯಿತು. ಮ್ಯಾಂಚೆಸ್ಟರ್‌ನ ಹೈಡ್ ರೋಡ್ ಹಾದಿ 1987ರಲ್ಲಿ ಮುಚ್ಚಿತು. ವೆಸ್ಟ್ ಹ್ಯಾಮ್‌ನ ಜಾಗದಲ್ಲಿ ಎದ್ದ ಮನೆಗಳ ನಡುವಿನ ರಸ್ತೆಗಳಿಗೆ ಅಲ್ಲಿ ಓಡಿದವರ, ಓಡಿಸಿದವರ ಹೆಸರುಗಳನ್ನಿಟ್ಟರು: ಬ್ಲೂಯಿ ವಿಲ್ಕಿನ್‌ಸನ್, ಜ್ಯಾಕ್ ಯಂಗ್, ಜಾನಿ ಹಾಸ್ಕಿನ್ಸ್. ಹೆಸರು ರಸ್ತೆಯ ಫಲಕದಲ್ಲಿ ಉಳಿಯುತ್ತದೆ. ಅದರ ಅರ್ಥ ಉಳಿಯಬೇಕಾದರೆ ವಿಲ್ಕಿನ್‌ಸನ್ 1938ರ ವಿಶ್ವ ಚಾಂಪಿಯನ್ ಎಂದು ಹೇಳುವ ಬಾಯಿ ಬೇಕು, ಕೇಳುವ ಕಿವಿ ಬೇಕು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾದದ್ದು. ಬ್ರೇಕ್ ಇಲ್ಲದ ಗಾಡಿಯಲ್ಲಿ ಮೈಗೆ ಮೈ ತಾಗಿಸಿ ಓಡುವ ಈ ಕ್ರೀಡೆಯಲ್ಲಿ ಅಪಾಯ ಒಳಗೇ ಇದೆ. 1935ರಲ್ಲಿ ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಬಿದ್ದ ಟಾಮ್ ಫಾರ್ನ್‌ಡನ್ ಬದುಕಲಿಲ್ಲ. 1955 ಮತ್ತು 1962ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಪೀಟರ್ ಕ್ರೇವನ್, ಸಮತೋಲನದ ಮಾಂತ್ರಿಕನೆಂದೇ ಹೆಸರಾದವರು, 1963ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೋದಲ್ಲಿ ಮುಂದೆ ಬಿದ್ದ ಸವಾರನಿಗೆ ತಾಗದಂತೆ ತಪ್ಪಿಸಲು ಹೋಗಿ ಅಪಘಾತಕ್ಕೀಡಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 29. 1970ರ ಜುಲೈಯಲ್ಲಿ ಬೆಲ್ಜಿಯಂನ ಲೋಕೆರೆನ್‌ನಲ್ಲಿ ವೆಸ್ಟ್ ಹ್ಯಾಮ್ ತಂಡದ ವಾಹನ ಅಪಘಾತಕ್ಕೀಡಾಗಿ ಸವಾರರು ಜೀವ ಕಳೆದುಕೊಂಡರು. 1990ರ ಚಾಂಪಿಯನ್, ಸ್ವೀಡನ್ನಿನ ಪೇರ್ ಯೂನ್‌ಸನ್ 1994ರ ಪೋಲಿಷ್ ಲೀಗ್ ಪಂದ್ಯದಲ್ಲಿ ಬಿದ್ದ ಮೇಲೆ ಮತ್ತೆ ನಡೆಯಲಾಗಲಿಲ್ಲ.

ಸವಾರ ಸ್ವಇಚ್ಛೆಯಿಂದ ಅಪಾಯಕ್ಕೆ ಇಳಿದವನು, ಸಂಭಾವನೆ ಪಡೆದವನು, ಆದ್ದರಿಂದ ಪ್ರೇಕ್ಷಕನಿಗೆ ಯಾವ ಋಣವೂ ಇಲ್ಲ ಎಂದು ವಾದಿಸಬಹುದು. ಈ ವಾದ ಅರ್ಧ ಸರಿ. ಹಣ ಪಂದ್ಯದ ಬೆಲೆಯನ್ನು ತೀರಿಸುತ್ತದೆ. ಕಳೆದ ಜೀವಕ್ಕೆ, ಮುರಿದ ಬೆನ್ನಿಗೆ ಟಿಕೆಟ್ಟಿನ ಹಣ ಸಾಟಿಯಲ್ಲ. ಸಾವಿರಾರು ಜನ ನೋಡಲು ಬಂದದ್ದರಿಂದಲೇ ಆ ಓಟ ನಡೆಯಿತು. ಅವರ ಸಂತೋಷದಲ್ಲಿ ಆ ಅಪಾಯವೂ ಬೆರೆತಿತ್ತು. ಇಸ್ರೇಲಿನ ತತ್ವಜ್ಞಾನಿ ಅವಿಶಾಯ್ ಮಾರ್ಗಲಿತ್ ಸ್ಮರಣೆಯ ನೀತಿಯನ್ನು ಕುರಿತ ತಮ್ಮ 2002ರ ಗ್ರಂಥದಲ್ಲಿ, ಆಪ್ತ ಬಾಂಧವ್ಯ ಇರುವಲ್ಲಿ ನೆನೆಯುವುದು ಬಾಧ್ಯತೆಯಾಗುತ್ತದೆ, ಏಕೆಂದರೆ ಕಾಳಜಿ ಇರುವಲ್ಲಿ ಮರೆವು ಕಾಳಜಿಯ ಲೋಪ ಎಂಬ ನಿಲುವನ್ನು ಬೆಳೆಸಿದರು. ವಾರವಾರವೂ ಒಬ್ಬ ಸವಾರನಿಗಾಗಿ ಕೂಗಿದವರ ಬಾಂಧವ್ಯ ಆಪ್ತವೇ. ಅವನು ಗೆದ್ದಾಗ ತಾವು ಗೆದ್ದೆವೆಂದವರು, ಅವನು ಬಿದ್ದಾಗ ಅಪರಿಚಿತರಾಗಲು ಬರುವುದಿಲ್ಲ.

ಪೋಲೆಂಡಿನ ಸಂಪ್ರದಾಯ ಈ ಬಾಧ್ಯತೆಯನ್ನು ಆಚರಣೆಯಾಗಿಸಿದೆ. 1950ರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ ಅಲ್ಫ್ರೆಡ್ ಸ್ಮೊಚಿಕ್ ಹೆಸರನ್ನು ಲೆಶ್ನೊ ನಗರದ ಕ್ರೀಡಾಂಗಣ ಹೊತ್ತಿದೆ. ಅವರ ಸ್ಮಾರಕ ಕೂಟವೂ ಅಲ್ಲಿ ನಡೆಯುತ್ತ ಬಂದಿದೆ. ತೊರುನ್‌ನ ಕ್ರೀಡಾಂಗಣಕ್ಕೆ 1970ರಲ್ಲಿ ಓಟದ ಅಪಘಾತದಲ್ಲಿ ಮಡಿದ ಮರಿಯನ್ ರೋಸೆ ಹೆಸರು, ಅದು ನಿಂತ ರಸ್ತೆಗೆ ಯೂನ್‌ಸನ್ ಹೆಸರು. ಮೃತನನ್ನು ನೆನೆಯಲು ಅವನು ಮಾಡುತ್ತಿದ್ದುದನ್ನೇ ಮಾಡುವುದು, ಅಂದರೆ ಓಡುವುದು, ಅಲ್ಲಿ ಗೌರವದ ರೀತಿ.

ನೆನೆಯುವುದು ಕರ್ತವ್ಯ ಎಂಬ ಈ ನಿಲುವಿಗೆ ಒಂದು ಗಂಭೀರ ಆಕ್ಷೇಪವಿದೆ. ಹಳೆಯ ಸವಾರರ ಕುರಿತ ಮಾತು ನಿಜವಾಗಿ ಅಭಿಮಾನಿಗಳ ಸ್ವಂತ ಯೌವನದ ಹಂಬಲವಷ್ಟೇ, ಸವಾರ ಒಂದು ನೆಪ ಎನ್ನುವುದು ಆ ಆಕ್ಷೇಪ. ಚಿಂತಕಿ ಸ್ವೆಟ್ಲಾನಾ ಬಾಯ್ಮ್ 2001ರಲ್ಲಿ ಗತಕಾಲದ ಹಂಬಲದಲ್ಲಿ ಎರಡು ಬಗೆ ಗುರುತಿಸಿದರು: ಕಳೆದದ್ದನ್ನು ಹಾಗೆಯೇ ಮರಳಿ ಕಟ್ಟಹೊರಡುವುದು ಒಂದು, ಕಳೆದದ್ದು ಕಳೆಯಿತೆಂದು ಒಪ್ಪಿ ಅದನ್ನು ಕುರಿತು ಚಿಂತಿಸುವುದು ಇನ್ನೊಂದು. ಮೊದಲ ಬಗೆಯ ಅಭಿಮಾನಿಗೆ ಇಂದಿನ ಸವಾರರೆಲ್ಲ ಕೀಳು. ಒಂದೇ ರಾತ್ರಿಯ ಫೈನಲ್ ಹೋಗಿ 1995ರಿಂದ ಗ್ರಾಂಪ್ರಿ ಸರಣಿ ಬಂದದ್ದೇ ಅಪರಾಧ. ಅದು ಸವಾರನ ಸ್ಮರಣೆಯಲ್ಲ, ತನ್ನ ಮೇಲಿನ ಮೋಹ. ಎರಡನೆಯ ಬಗೆಯವರು ಆರು ಪ್ರಶಸ್ತಿಗಳ ಮೇಜರ್‌ರನ್ನೂ ಅಷ್ಟೇ ಪ್ರಶಸ್ತಿ ಗೆದ್ದ ಟೋನಿ ರಿಕಾರ್ಡ್‌ಸನ್‌ರನ್ನೂ ಆಯಾ ಕಾಲದ ನಿಯಮಗಳಲ್ಲಿ ಇಟ್ಟು ನೋಡುತ್ತಾರೆ. ನೆನಪಿನ ಕೇಂದ್ರದಲ್ಲಿ ತಾನಿದ್ದಾನೋ, ಸವಾರನಿದ್ದಾನೋ ಎಂಬುದೇ ಇವೆರಡರ ನಡುವಿನ ಗೆರೆ.

ಹೀಗೆ ಮೂರು ಪ್ರಶ್ನೆಗಳಿಗೂ ಉತ್ತರ ಒಂದರೊಳಗೊಂದು ಸೇರುತ್ತದೆ. ಅಭಿಮಾನಿಯ ಸ್ಮೃತಿ ಜ್ಞಾನವೇ, ತಿದ್ದುಪಡಿಗೆ ತೆರೆದುಕೊಂಡಿದ್ದರೆ. ಅದು ಸಮುದಾಯದ್ದು, ಹೇಳುವವರೂ ಕೇಳುವವರೂ ಇರುವವರೆಗೆ. ಅದು ಕರ್ತವ್ಯವೂ ಹೌದು, ಏಕೆಂದರೆ ಸವಾರರು ಪಣಕ್ಕಿಟ್ಟದ್ದನ್ನು ಬೇರಾವ ರೀತಿಯಲ್ಲೂ ಹಿಂದಿರುಗಿಸಲಾಗದು. ಚಾಂಪಿಯನ್ನರ ಹೆಸರನ್ನು ದಾಖಲೆ ಪುಸ್ತಕಗಳೇ ಕಾಯುತ್ತವೆ. ವರ್ಷಾನುಗಟ್ಟಲೆ ಮೂರನೆಯ ಸ್ಥಾನಕ್ಕೆ ಬಂದು, ತಂಡಕ್ಕೆ ಒಂದೊಂದೇ ಅಂಕ ಕೂಡಿಸಿ, ಮೂಳೆ ಮುರಿದುಕೊಂಡು ಮರೆಯಾದ ಸವಾರನಿಗೆ ಮಾತ್ರ ನೋಡಿದವರ ನೆನಪಲ್ಲದೆ ಬೇರೆ ಆಸರೆಯಿಲ್ಲ. ಸ್ಮರಣೆಯ ಋಣ ಮೊದಲು ಸಲ್ಲಬೇಕಾದದ್ದು ಅವನಿಗೆ.