ಪ್ರೇತಸೂತಕವೂ ಬೆಳ್ಳಿತೆರೆಯೂ

ಶರಣರು ನಿರಾಕರಿಸಿದ ಸೂತಕಗಳು ಐದು. ಜಾತಿಸೂತಕ, ಜನನಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಪ್ರೇತಸೂತಕ ಎಂದು ಅವುಗಳನ್ನು ಎಣಿಸುವುದು ವಾಡಿಕೆ. ಮೊದಲ ನಾಲ್ಕನ್ನು ಕುರಿತು ವೇದಿಕೆಗಳ ಮೇಲೆ ಮಾತು ಧಾರಾಳವಾಗಿ ನಡೆಯುತ್ತದೆ. ಕೊನೆಯದರ ಮಾತು ಕಡಿಮೆ. ಮನೆಯಲ್ಲಿ ಸಾವಾದಾಗಲಷ್ಟೇ ಅದು ನೆನಪಿಗೆ ಬರುವುದು. ಆ ಹೊತ್ತಿನಲ್ಲಿ ತತ್ತ್ವವಿಚಾರಕ್ಕೆ ಯಾರಿಗೂ ವ್ಯವಧಾನವಿರುವುದಿಲ್ಲ. ನೆರೆಮನೆಯ ಹಿರಿಯರು ಹೇಳಿದಂತೆ ಎಲ್ಲವೂ ನಡೆದುಹೋಗುತ್ತದೆ. ಆದುದರಿಂದ ಸಾವಿನ ಮನೆಯನ್ನು ತನ್ನ ದುಃಖದ ಭಾರವಿಲ್ಲದೆ, ದೂರದಲ್ಲಿ ಕುಳಿತು ನೋಡಲು ಅವಕಾಶವೀಯುವ ಚಲಚ್ಚಿತ್ರವು ಒಂದು ಬಗೆಯಲ್ಲಿ ಉಪಕಾರಿಯೇ ಸರಿ.

ಆದರೆ ಸಾಮಾನ್ಯ ಚಿತ್ರಗಳು ಈ ಉಪಕಾರವನ್ನು ಮಾಡುವುದು ಅಪರೂಪ. ಅಲ್ಲಿ ಸಾವೆಂದರೆ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಬಿಳಿಯ ಸೀರೆ, ಗುಡುಗು, ಮಳೆ. ಚಿತೆಯ ಉರಿ ತೆರೆಯ ತುಂಬ ಏಳುವುದು, ಮರುಗಳಿಗೆಗೆ ಮಗನು ಸೇಡಿಗೆ ಹೊರಡುವುದು. ಸತ್ತವನು ಕಥೆಗೆ ಬೇಕಾದ ಒಂದು ನೆಪ ಮಾತ್ರ. ಶವಕ್ಕೆ ನೀರೆರೆದವರಾರು, ಹೊತ್ತವರಾರು, ಕುಣಿ ತೋಡಿದವರಾರು ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ದೇಹವನ್ನು ಕುಳ್ಳಿರಿಸಿ, ವಿಭೂತಿ ಬಿಲ್ವಪತ್ರೆಗಳನ್ನರ್ಪಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿ ಮಾಡುವ ಪದ್ಧತಿಯು ಕನ್ನಡ ನಾಡಿನ ಅಸಂಖ್ಯ ಮನೆಗಳದಾದರೂ ತೆರೆಯ ಮೇಲೆ ಕಾಣುವುದು ಬಹುಮಟ್ಟಿಗೆ ಚಿತೆಯೇ. ಮಣ್ಣಿಗಿಂತ ಉರಿಗೆ ಕಣ್ಸೆಳೆಯುವ ಗುಣ ಹೆಚ್ಚಷ್ಟೆ!

ಈ ಮರೆವಿಗೆದುರಾಗಿ ನಿಂತುದು 1970ರ 'ಸಂಸ್ಕಾರ'. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರದಲ್ಲಿ ಶವವೇ ಪ್ರಶ್ನೆಯಾಗಿ ಮಲಗಿದೆ. ಆಚಾರವನ್ನು ತೊರೆದ ನಾರಣಪ್ಪನು ಅಗ್ರಹಾರದಲ್ಲಿ ಸಾಯುತ್ತಾನೆ. ಹೆಣವಿರುವತನಕ ಅಲ್ಲಿ ಯಾರೂ ಉಣ್ಣುವಂತಿಲ್ಲ. ಹೆಣವನ್ನೆತ್ತಿದರೆ ಅವನ ದೋಷ ತಮಗೆಲ್ಲಿ ತಟ್ಟೀತೋ ಎಂಬ ಅಂಜಿಕೆ. ಅವನೊಡನೆ ಬಾಳಿದ ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟೊಡನೆ ಅಂಜಿಕೆಯಿದ್ದೆಡೆ ಆಸೆ ಹುಟ್ಟುತ್ತದೆ. ಮುಟ್ಟಬಾರದ ಹೆಣ ಬಂಗಾರದ ಬೆಳಕಿನಲ್ಲಿ ಮುಟ್ಟಬಹುದಾದ ಹೆಣವಾಗಿ ಕಾಣತೊಡಗುತ್ತದೆ. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರವನ್ನರಸುತ್ತಾರೆ, ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ, ಉತ್ತರ ದೊರೆಯದು. ಇತ್ತ ಹೆಣ ನಾರುತ್ತದೆ. ಕಡೆಗೆ ಅದಕ್ಕೆ ಬೆಂಕಿ ಕಾಣಿಸಿದ ಕೈ ಶಾಸ್ತ್ರ ಬಲ್ಲವರದಲ್ಲ. ಕುಲವಿಲ್ಲದವಳೆನಿಸಿದ ಚಂದ್ರಿಯು ಇರುಳಿನಲ್ಲಿ ಒಬ್ಬ ಮುಸಲ್ಮಾನನ ನೆರವು ಪಡೆದು ಆ ಕೆಲಸವನ್ನು ಸದ್ದಿಲ್ಲದೆ ಮುಗಿಸುತ್ತಾಳೆ. ಅಷ್ಟು ದಿನ ಹಸಿದು ಕುಳಿತ ಪಂಡಿತರ ಚರ್ಚೆ ಎಲ್ಲಿಗೆ ಬಂತು? ಅಶುಚಿ ಇದ್ದುದು ಶವದಲ್ಲಿಯೋ, ಅದರ ಸುತ್ತ ಕುಳಿತವರಲ್ಲಿಯೋ? ಚಿತ್ರಕ್ಕೆ ಮೊದಲು ಸೆನ್ಸಾರ್ ಮಂಡಳಿಯು ತಡೆಯೊಡ್ಡಿತು. ಬಳಿಕ ಅದೇ ಚಿತ್ರವು 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ಸೂತಕದ ಕಲ್ಪನೆ ಸತ್ತವರಲ್ಲಿಗೇ ನಿಲ್ಲುವುದಿಲ್ಲ. 1977ರ 'ಘಟಶ್ರಾದ್ಧ'ದಲ್ಲಿ ಗಿರೀಶ ಕಾಸರವಳ್ಳಿಯವರು ತೋರಿಸಿದುದು ಉಸಿರಾಡುತ್ತಿರುವವಳ ಉತ್ತರಕ್ರಿಯೆಯನ್ನು. ಗರ್ಭವತಿಯಾದ ವಿಧವೆ ಯಮುನಕ್ಕನಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡುತ್ತಾನೆ. ತಲೆ ಬೋಳಾಗಿ ಮರದ ಬುಡದಲ್ಲಿ ಒಬ್ಬಳೇ ಕುಳಿತ ಆಕೆಯನ್ನು ಕಂಡವರಿಗೆ ಚಿತೆಯ ಉರಿಯೇ ಕರುಣೆಯುಳ್ಳದ್ದೆನಿಸೀತು. ಇದಕ್ಕೆ ಅಣಕದ ತಮ್ಮನಂತಿದೆ ರಾಮ್ ರೆಡ್ಡಿಯವರ 'ತಿಥಿ' (2015). ಮಂಡ್ಯ ಸೀಮೆಯ ಹಳ್ಳಿಯ ಜನರೇ ನಟಿಸಿರುವ ಈ ಚಿತ್ರದಲ್ಲಿ 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹನ್ನೊಂದನೆಯ ದಿನದ ತಿಥಿಗೆ ಊರೂಟದ ಸಿದ್ಧತೆ ನಡೆಯುತ್ತದೆ. ಅತ್ತ ಮೊಮ್ಮಗನು ಜಮೀನು ಮಾರುವ ಆತುರದಲ್ಲಿ, ಇನ್ನೂ ಬದುಕಿ ಅಲೆಯುತ್ತಿರುವ ತಂದೆ ಗಡ್ಡಪ್ಪನಿಗೆ ಸುಳ್ಳು ಮರಣಪತ್ರವನ್ನು ಮಾಡಿಸುತ್ತಾನೆ. ಅಲ್ಲಿ ಮಂತ್ರ ಮಾಡಿದುದನ್ನು ಇಲ್ಲಿ ಮೊಹರು ಮಾಡಿತು. ಗಡ್ಡಪ್ಪನಿಗೋ ಜಮೀನೂ ಬೇಡ, ತಿಥಿಯೂ ಬೇಡ; ನಡೆಯಲು ದಾರಿಯೊಂದಿದ್ದರೆ ಸಾಕು. ಈ ಮುದುಕನಲ್ಲಿ ಜಂಗಮನ ಛಾಯೆಯನ್ನು ಯಾರಾದರೂ ಕಂಡರೆ ತಪ್ಪೆನ್ನಲಾಗದು, ಅವನ ಕೈಯಲ್ಲಿ ಸೀಸೆಯೊಂದಿದ್ದರೂ ಕೂಡ.

ದೂರದ ಜಪಾನಿನಲ್ಲಿಯೂ ಈ ಸೂತಕ ಬಲವಾಗಿಯೇ ಇದೆಯೆಂಬುದನ್ನು 'ಒಕುರಿಬಿತೊ' ಎಂಬ 2008ರ ಚಿತ್ರ ತಿಳಿಸುತ್ತದೆ. ಕಳುಹಿಸಿಕೊಡುವವನು ಎಂಬುದು ಆ ಹೆಸರಿನ ಅರ್ಥ. ಯೊಜಿರೊ ತಕಿತಾ ನಿರ್ದೇಶಿಸಿದ ಇದಕ್ಕೆ 2009ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ತೋಕಿಯೊದ ವಾದ್ಯಮೇಳ ಮುಚ್ಚಿಹೋಗಲು ಕೆಲಸ ಕಳೆದುಕೊಂಡ ಡೈಗೊ ತನ್ನ ಊರಿಗೆ ಮರಳಿ, ಪ್ರವಾಸದ ಕಚೇರಿಯೆಂದು ಭ್ರಮಿಸಿ ಶವಗಳನ್ನು ಸಿದ್ಧಪಡಿಸುವ ಉದ್ಯೋಗಕ್ಕೆ ಸೇರುತ್ತಾನೆ. ವಿಷಯ ತಿಳಿದ ಹೆಂಡತಿಯು ಅವನ ಕೈ ತನ್ನನ್ನು ಮುಟ್ಟಬಾರದೆಂದು ಹಿಂದೆ ಸರಿಯುತ್ತಾಳೆ, ತೊರೆದೂ ಹೋಗುತ್ತಾಳೆ. ಆದರೆ ಆ ಕೈ ಮಾಡುತ್ತಿರುವುದೇನು? ಮನೆಯವರು ಕುಳಿತು ನೋಡುತ್ತಿರುವಾಗ, ಸತ್ತವರ ಮೈ ಕಿಂಚಿತ್ತೂ ಬಯಲಾಗದಂತೆ ಹೊದಿಕೆಯ ಒಳಗಿನಿಂದಲೇ ಒರೆಸಿ, ಉಡಿಸಿ, ಮುಖಕ್ಕೆ ಮೊದಲಿನ ಕಳೆಯನ್ನು ತಂದುಕೊಡುವುದು. ಊರಿನ ಸ್ನಾನಗೃಹದ ಮುದುಕಿ ತೀರಿಕೊಂಡಾಗ ಹೆಂಡತಿಯೂ ಅದನ್ನು ಕಣ್ಣಾರೆ ನೋಡುತ್ತಾಳೆ. ಅಂದಿನಿಂದ ಅವಳ ಮಾತು ಬೇರೆಯಾಗುತ್ತದೆ. ಕೊನೆಗೆ, ಬಾಲ್ಯದಲ್ಲಿಯೇ ತನ್ನನ್ನು ಬಿಟ್ಟುಹೋದ ತಂದೆಯ ಶವದ ಮುಂದೆ ಡೈಗೊ ಕೂರುತ್ತಾನೆ. ಕೂಲಿಯ ಜನ ಅದನ್ನು ಸರಕಿನಂತೆ ಎತ್ತಲು ಬಂದಾಗ ತಡೆದು, ತಾನೇ ಮುಖ ಕ್ಷೌರ ಮಾಡುತ್ತಾನೆ. ಬಿಗಿದ ಮುಷ್ಟಿಯನ್ನು ಬಿಡಿಸಿದರೆ ಒಳಗೆ ತಾನು ಎಳೆತನದಲ್ಲಿ ಕೊಟ್ಟ ಒಂದು ಸಣ್ಣ ಕಲ್ಲು!

ಲಿಂಗವಂತರ ಮನೆಗಳಲ್ಲಿ ಪ್ರೇತಸೂತಕವಿಲ್ಲವೆಂದು ಹೆಮ್ಮೆಯಿಂದ ಹೇಳುವುದುಂಟು. ಅಂಥ ಮನೆಯಲ್ಲಿಯೂ ಕುಣಿ ತೋಡಿದವನ ಎಲೆಯನ್ನು ಹಿತ್ತಿಲಲ್ಲಿ ಹಾಕುವುದನ್ನು, ಅವನ ಕೂಲಿಯನ್ನು ನೆಲದ ಮೇಲಿಟ್ಟು ದೂರ ಸರಿಯುವುದನ್ನು ಕಂಡವರಿದ್ದಾರೆ. ಲಿಂಗೈಕ್ಯನಾದವನ ದೇಹಕ್ಕೆ ಕೊನೆಯ ಮನೆಯನ್ನು ಕಟ್ಟಿದವನು ಅವನೇ. ಐಕ್ಯದ ಮಾತು ಪಡಸಾಲೆಯಲ್ಲಿ ನಡೆಯುತ್ತಿರುವಾಗ ಅವನು ಹಾರೆಯನ್ನು ತೊಳೆಯಲು ನೀರು ಕೇಳಿ ಬಾಗಿಲ ಹೊರಗೆ ನಿಂತಿರುತ್ತಾನೆ.